ಮಾತೆಯ ಮುಖದ ಕಪ್ಪು: ಒರೆಸಬೇಕೋ, ಬಿಡಬೇಕೋ?

2025ರ ಜೂನ್‌ನಲ್ಲಿ ಸ್ಪೇನ್ ದೇಶದ ಸೆವಿಲ್ಲೆ ನಗರದಲ್ಲಿ ಜನ ಚರ್ಚಿನ ಮುಂದೆ ಜಮಾಯಿಸಿ ಪ್ರತಿಭಟನೆ ಮಾಡಿದರು. ವಿಷಯ ಏನಪ್ಪಾ ಅಂದರೆ ಒಂದು ಮರದ ಮೂರ್ತಿಯ ಕಣ್ರೆಪ್ಪೆ. ಊರೆಲ್ಲ 'ಮಕರೇನಾ' ಎಂದು ಕರೆಯುವ ಮಾತೆ ಮರಿಯಮ್ಮನ ಮೂರ್ತಿ ಸಣ್ಣಪುಟ್ಟ ದುರಸ್ತಿ ಮುಗಿಸಿಕೊಂಡು ಮತ್ತೆ ದರ್ಶನಕ್ಕೆ ಬಂದಿತ್ತು. ರೆಪ್ಪೆಗೂದಲು ಮೊದಲಿಗಿಂತ ಉದ್ದ ಇದೆ, ಅಮ್ಮನ ನೋಟವೇ ಬದಲಾಗಿದೆ ಎಂದು ಭಕ್ತರು ಕಂಡುಹಿಡಿದರು. ಅದೇ ದಿನ ಮತ್ತೆ ತಿದ್ದಿದರು. ಸಿಟ್ಟು ಇಳಿಯಲಿಲ್ಲ. ಕೊನೆಗೆ ಮೂರ್ತಿಯ ಹೊಣೆ ಹೊತ್ತ ಭಕ್ತ ಸಂಘ ಕ್ಷಮೆ ಕೇಳಿತು.

ದೂರದಿಂದ ಓದಿದವರಿಗೆ ಇದು ತಮಾಷೆ ಸುದ್ದಿ. ರೆಪ್ಪೆಗೆ ಇಷ್ಟು ರಂಪಾಟವೇ? ಆದರೆ ಮಕರೇನಾ 17ನೇ ಶತಮಾನದ ಮೂರ್ತಿ. ಅವಳ ಲೆಕ್ಕದಲ್ಲಿ ಜಗಳ ಇನ್ನೂ ಸಣ್ಣದು. ಅದಕ್ಕಿಂತ ಮುನ್ನೂರು, ಐನೂರು ವರ್ಷ ಹಳೆಯ ಮರದ ಕೆತ್ತನೆಗಳಿವೆ. ತಾಯಿಯ ಮಡಿಲಲ್ಲಿ ಬಾಲಯೇಸು ಕುಳಿತ ಮಧ್ಯಯುಗದ ಮೂರ್ತಿಗಳು. ಅವುಗಳ ದುರಸ್ತಿ ವಿಷಯ ಬಂದಾಗಲೆಲ್ಲ ಯುರೋಪಿನಲ್ಲಿ ಇದೇ ಜಗಳ ಏಳುತ್ತದೆ. ಫ್ರಾನ್ಸಿನಲ್ಲಿ ಕಪ್ಪು ಮಾತೆಯನ್ನು ಬಿಳಿ ಮಾಡಿದರು ಎಂಬ ಗಲಾಟೆ. ಸ್ಪೇನಿನ ಹಳ್ಳಿಯಲ್ಲಿ ಬೋಳು ಮರಕ್ಕೆ ಗುಲಾಬಿ ಬಣ್ಣ ಬಳಿದರು ಎಂಬ ಗಲಾಟೆ. ಒಂದು ಕಡೆ ಬಣ್ಣ ತೆಗೆದದ್ದು ತಪ್ಪು, ಇನ್ನೊಂದು ಕಡೆ ಬಳಿದದ್ದು ತಪ್ಪು. ಹಾಗಾದರೆ ಸರಿ ಯಾವುದು?

ಮರದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಸುಣ್ಣ

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಮಧ್ಯಯುಗದ ಮರದ ಮೂರ್ತಿ ಅಂದಾಕ್ಷಣ ಕಣ್ಣ ಮುಂದೆ ಬರುವುದು ಕಂದು ಬಣ್ಣದ, ಅಲ್ಲಲ್ಲಿ ಬಿರುಕು ಬಿಟ್ಟ, ಗಂಭೀರವಾದ ಮರ. ಮ್ಯೂಸಿಯಂಗಳಲ್ಲಿ ಹಾಗೇ ಇರುತ್ತದೆ. ಆದರೆ ಮಾಡಿದ ದಿನ ಅದು ಹಾಗಿರಲಿಲ್ಲ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಫ್ರಾನ್ಸಿನ ಓವರ್ನ್ಯ್ ಪ್ರಾಂತ್ಯದ ಒಂದು ಮೂರ್ತಿ ಇದೆ. 1175ರಿಂದ 1200ರ ನಡುವೆ ಮಾಡಿದ್ದು. ಎತ್ತರ 79.5 ಸೆಂಟಿಮೀಟರ್, ಅಂದರೆ ಹೆಚ್ಚು ಕಡಿಮೆ ಎರಡೂವರೆ ಅಡಿ. ಮರಿಯಮ್ಮ ನೆಟ್ಟಗೆ ಕುಳಿತಿದ್ದಾಳೆ, ಎದುರಿಗೆ ನೋಡುತ್ತಿದ್ದಾಳೆ. ಮಡಿಲಲ್ಲಿ ಮಗು ಕೂಡ ನೆಟ್ಟಗೆ, ಪುಟ್ಟ ದೊಡ್ಡವನ ಹಾಗೆ. ಮುದ್ದು ಇಲ್ಲ, ನಗು ಇಲ್ಲ. ಈ ಬಗೆಯ ಮೂರ್ತಿಗೆ 'ಜ್ಞಾನದ ಸಿಂಹಾಸನ' ಎಂದು ಹೆಸರು. ಮಗು ಜ್ಞಾನ, ತಾಯಿಯೇ ಅದರ ಸಿಂಹಾಸನ ಎಂಬ ಅರ್ಥ.

ಇದನ್ನು ಯಾವುದರಿಂದ ಮಾಡಿದ್ದಾರೆ ಎಂದು ನೋಡಿ. ವಾಲ್‌ನಟ್ ಮರ, ಅಂದರೆ ಅಕ್ರೋಟು. ಅದರ ಮೇಲೆ ನಾರಗಸೆಯ ಲಿನನ್ ಬಟ್ಟೆ. ಸೀಸದ ಬಿಳಿ ಬಣ್ಣದ ತಳ. ತವರದ ತಗಡಿನ ಉಬ್ಬು ಅಲಂಕಾರ. ಆಮೇಲೆ ಬಣ್ಣ. ತಾಯಿಯ ಭುಜದ ಹಿಂದೆ ಮತ್ತು ಎದೆಯಲ್ಲಿ ಪುಟ್ಟ ಗೂಡುಗಳಿವೆ. ಸಂತರ ಅವಶೇಷ ಇಡಲು ಮಾಡಿದ್ದಿರಬೇಕು ಎಂದು ಊಹೆ.

ಇಷ್ಟೆಲ್ಲ ಪದರ ಯಾಕೆ ಬೇಕಿತ್ತು? ಮರ ಸುಮ್ಮನಿರುವ ವಸ್ತು ಅಲ್ಲ. ಒಣಗುವಾಗ ಹೊರಭಾಗ ಬೇಗ ಕುಗ್ಗುತ್ತದೆ, ತಿರುಳು ಹಾಗೇ ಇರುತ್ತದೆ, ಆಗ ದಿಮ್ಮಿ ಸೀಳುತ್ತದೆ. ಅದಕ್ಕೇ ಬಡಗಿಗಳು ಎಷ್ಟೋ ಮೂರ್ತಿಗಳ ಬೆನ್ನನ್ನು ಕೊರೆದು ತಿರುಳು ತೆಗೆದುಬಿಡುತ್ತಿದ್ದರು. ತಲೆ, ಕೈ ಬೇರೆ ತುಂಡಿನಲ್ಲಿ ಕೆತ್ತಿ ಜೋಡಿಸಿದರೆ ಸಂದು ಕಾಣುತ್ತದೆ. ಆ ಸಂದಿನ ಮೇಲೆ ಬಟ್ಟೆ ಅಂಟಿಸುತ್ತಿದ್ದರು. ಪ್ರಾಣಿಯ ತೊಗಲು ಬೇಯಿಸಿ ಮಾಡಿದ ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿ ಪದರ ಪದರವಾಗಿ ಬಳಿದು, ಒಣಗಿಸಿ, ಉಜ್ಜಿ, ಮೊಟ್ಟೆ ಸಿಪ್ಪೆಯಷ್ಟು ನಯ ಮಾಡುತ್ತಿದ್ದರು. ಆಮೇಲೆ ಬಣ್ಣಗಾರನ ಕೆಲಸ ಶುರು. ಎಷ್ಟೋ ಊರುಗಳಲ್ಲಿ ಕೆತ್ತುವವರ ಸಂಘ ಬೇರೆ, ಬಣ್ಣ ಹಾಕುವವರ ಸಂಘ ಬೇರೆ ಇತ್ತು.

ಬಣ್ಣ ಎಷ್ಟು ಮುಖ್ಯ ಎಂಬುದಕ್ಕೆ ಜರ್ಮನಿಯ ಮ್ಯುನರ್‌ಸ್ಟಾಟ್ ಊರಿನ ಕತೆ ಸಾಕು. ಅಲ್ಲಿನ ಚರ್ಚಿಗೆ 1490ರ ಸುಮಾರಿಗೆ ಟಿಲ್ಮನ್ ರೀಮೆನ್‌ಶ್ನೈಡರ್ ಎಂಬ ದೊಡ್ಡ ಶಿಲ್ಪಿ ಪೂಜಾಪೀಠದ ಹಿಂದೆ ನಿಲ್ಲಿಸುವ ಮರದ ಕೆತ್ತನೆ, ಅಂದರೆ ಪೀಠಫಲಕ ಮಾಡಿಕೊಟ್ಟ. ಅವನು ಬೇಕೆಂದೇ ಬಣ್ಣ ಹಾಕಿರಲಿಲ್ಲ. ಇವತ್ತಿನ ಕಲಾರಸಿಕರು ಅದನ್ನು ನೋಡಿ ತಲೆದೂಗುತ್ತಾರೆ. ಊರಿನವರು ಒಪ್ಪಲಿಲ್ಲ. 1504ರಲ್ಲಿ ಇನ್ನೊಬ್ಬ ದೊಡ್ಡ ಶಿಲ್ಪಿ ಫೈಟ್ ಸ್ಟಾಸ್‌ನನ್ನು ಕರೆಸಿ ಬಣ್ಣ ಹೊಡೆಸಿದರು.

ಅಂದರೆ ಬೋಳು ಮರದ ಚೆಂದ ಎನ್ನುವುದು ಬಹುಮಟ್ಟಿಗೆ ಇತ್ತೀಚಿನ ರುಚಿ. ಕಳೆದ ಎರಡು ಶತಮಾನಗಳಲ್ಲಿ ಹಳೆ ವಸ್ತು ವ್ಯಾಪಾರಿಗಳು, ಸಂಗ್ರಹಕಾರರು ಎಷ್ಟೋ ಮೂರ್ತಿಗಳ ಬಣ್ಣ ಕೆರೆಸಿ ಹಾಕಿದ್ದಾರೆ. ಮರ ಕಂಡರೆ ಹಳೆಯದು ಅನಿಸುತ್ತದೆ, ಬೆಲೆ ಜಾಸ್ತಿ ಬರುತ್ತದೆ, ಅಷ್ಟೇ.

ಕಪ್ಪು ಎಲ್ಲಿಂದ ಬಂತು?

ಈಗ ಕಪ್ಪು ಮಾತೆಯರ ವಿಷಯ. ಸ್ಪೇನಿನ ಮೊಂಟ್ಸೆರಾಟ್, ಫ್ರಾನ್ಸಿನ ರೊಕಮದೂರ್, ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್, ಇಟಲಿಯ ಲೊರೆಟೊ. ಎಲ್ಲ ಕಡೆ ತಾಯಿಯ ಮುಖ ಕಪ್ಪು. ಮೊಂಟ್ಸೆರಾಟ್‌ನ ಮಾತೆಯನ್ನು ಕಟಲಾನ್ ಜನ 'ಮೊರೆನೆಟ' ಎನ್ನುತ್ತಾರೆ. ನಮ್ಮ ಬಾಯಲ್ಲಿ ಹೇಳುವುದಾದರೆ ಕರಿಯಮ್ಮ.

ಈ ಕಪ್ಪಿಗೆ ಮೂರ್ನಾಲ್ಕು ವಿವರಣೆಗಳಿವೆ. ಬೈಬಲಿನ ಪರಮಗೀತೆಯಲ್ಲಿ 'ನಾನು ಕಪ್ಪಾದರೂ ಚೆಲುವೆ' ಎಂಬ ಅರ್ಥದ ಸಾಲು ಬರುತ್ತದೆ, ಅದರ ರೂಪ ಇದು ಎನ್ನುವವರಿದ್ದಾರೆ. ಕ್ರೈಸ್ತ ಧರ್ಮ ಬರುವ ಮೊದಲಿನ ಭೂದೇವತೆಗಳು, ಈಜಿಪ್ಟಿನ ಐಸಿಸ್, ಇವರ ನೆನಪು ಇದರಲ್ಲಿ ಉಳಿದಿದೆ ಎನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ, ಪುರಾವೆ ಕಡಿಮೆ. ಮೂರನೆಯದು ನೀರಸ ವಿವರಣೆ, ಆದರೆ ಪ್ರಯೋಗಾಲಯದಲ್ಲಿ ಕಾಣಸಿಗುವುದು ಅದೇ: ಹೊಗೆ. ನೂರಾರು ವರ್ಷ ಮೇಣದಬತ್ತಿ, ಎಣ್ಣೆ ದೀಪ, ಧೂಪ. ಮೇಲೆ ಬಳಿದ ವಾರ್ನಿಷ್ ಹಳೆಯದಾದಂತೆ ಕಂದಾಗುತ್ತದೆ. ಸೀಸದ ಬಿಳಿ ಕೂಡ ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ಕಪ್ಪಾಗುವುದುಂಟು.

ಆದರೆ ಹೊಗೆ ಎಂದು ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಯಾಕೆಂದರೆ ಹೊಗೆಯಿಂದ ಕಪ್ಪಾದ ಮುಖಕ್ಕೆ ಜನ ಒಗ್ಗಿಹೋದರು. ಮುಂದಿನ ಸಲ ಬಣ್ಣ ಹಾಕುವಾಗ ಕಪ್ಪನ್ನೇ ಹಾಕಿದರು. ನಕಲು ಮಾಡುವಾಗ ಕಪ್ಪಾಗಿಯೇ ಮಾಡಿದರು. ಮೊಂಟ್ಸೆರಾಟ್ ಮೂರ್ತಿಯ ಪರೀಕ್ಷೆಯಲ್ಲಿ ಗೊತ್ತಾದದ್ದೂ ಇದೇ. ಮೊದಲು ಮುಖ ಕಪ್ಪಾಗಿರಲಿಲ್ಲ, ಕಾಲ ಕಳೆದಂತೆ ಕಪ್ಪಾಯಿತು, ಆಮೇಲೆ ಕಪ್ಪು ಬಣ್ಣವನ್ನೇ ಬಳಿದರು. ಗೊತ್ತಾದ ಮೇಲೂ ಅದನ್ನು ಕಪ್ಪಾಗಿಯೇ ಉಳಿಸಿಕೊಂಡಿದ್ದಾರೆ.

ಲೊರೆಟೊದ್ದು ಇನ್ನೂ ಸ್ಪಷ್ಟ ಉದಾಹರಣೆ. ಅಲ್ಲಿನ ಹಳೆ ಮರದ ಮೂರ್ತಿ 1921ರ ಬೆಂಕಿಯಲ್ಲಿ ಸುಟ್ಟುಹೋಯಿತು. ವ್ಯಾಟಿಕನ್ ತೋಟದ ಲೆಬನಾನ್ ದೇವದಾರು ಮರದಿಂದ ಹೊಸದು ಕೆತ್ತಿಸಿದರು. ಹೊಸ ಮೂರ್ತಿಗೆ ಹೊಗೆ ಹಿಡಿದಿರಲಿಲ್ಲ, ಆದರೂ ಅದು ಕಪ್ಪಾಗಿಯೇ ಬಂತು. (ಬಂಟ್ವಾಳದ ಹತ್ತಿರ ಲೊರೆಟ್ಟೊ ಇದೆಯಲ್ಲ, ಆ ಹೆಸರಿನ ಮೂಲ ಇದೇ ಊರು.)

ಶಾರ್ತ್ರ್‌ನಲ್ಲಿ ಆದದ್ದೇನು?

ಜಗಳ ಜಗತ್ತಿಗೆಲ್ಲ ಗೊತ್ತಾದದ್ದು ಪ್ಯಾರಿಸಿನ ಹತ್ತಿರದ ಶಾರ್ತ್ರ್ ಕೆಥೆಡ್ರಲ್‌ನಿಂದ. ಅಲ್ಲಿ 'ಕಂಬದ ಮಾತೆ' ಎಂಬ ಮರದ ಮೂರ್ತಿ ಇದೆ. 16ನೇ ಶತಮಾನದ ಆರಂಭದ್ದು, ಅಂದರೆ ಮಧ್ಯಯುಗದ ಬಾಲದ ತುದಿ. ಕಂಬದ ಮೇಲೆ ನಿಂತ ಪೀಠ, ತಾಯಿ, ಮಗು, ಮೈಮೇಲೆ ಬಟ್ಟೆಯ ನಿಲುವಂಗಿ. ಜನರಿಗೆ ಗೊತ್ತಿದ್ದದ್ದು ಅದು ಕಪ್ಪು ಮಾತೆ ಎಂದು.

2009ರಲ್ಲಿ ಕೆಥೆಡ್ರಲ್ ಒಳಗಿನ ಗೋಡೆಗಳ ದೊಡ್ಡ ದುರಸ್ತಿ ಶುರುವಾಯಿತು. ಕೊಳೆಯ ಕೆಳಗೆ 13ನೇ ಶತಮಾನದ ತಿಳಿ ಬಣ್ಣದ ಗಾರೆ ಇನ್ನೂ ಉಳಿದಿದೆ ಎಂದು ತಜ್ಞರು ಕಂಡುಕೊಂಡರು. ಕತ್ತಲು ಕವಿದಿದ್ದ ಗೋಡೆಗಳು ಬೆಣ್ಣೆ ಬಣ್ಣಕ್ಕೆ ತಿರುಗಿದವು. ಅದೇ ಕೆಲಸದ ಭಾಗವಾಗಿ ಮೂರ್ತಿಯನ್ನೂ ಶುಚಿ ಮಾಡಿದರು. ಮಸಿಯ ಕೆಳಗೆ ಹಳೆ ಬಣ್ಣ ಸಿಕ್ಕಿತು. ಮೂರ್ತಿ ವಾಪಸ್ ಬಂದಾಗ ತಾಯಿಯ ಮುಖ ಬೆಳ್ಳಗೆ, ಕೆನ್ನೆ ಕೆಂಪಗೆ.

2014ರ ಕೊನೆಗೆ ಅಮೆರಿಕದ ವಾಸ್ತುಶಿಲ್ಪ ವಿಮರ್ಶಕರೊಬ್ಬರು ಇದನ್ನು ಕಟುವಾಗಿ ಟೀಕಿಸಿ ಬರೆದರು. ಅಂತರ್ಜಾಲದಲ್ಲಿ ಸಹಿ ಸಂಗ್ರಹ ಆಯಿತು. ಮಧ್ಯಯುಗದ ಕಲೆಯನ್ನು ಓದಿದ ಪ್ರಾಧ್ಯಾಪಕರು ದುರಸ್ತಿಯ ಪರ ನಿಂತರು. ಆ ಚರ್ಚೆ ಇವತ್ತಿಗೂ ಆಗಾಗ ಸಾಮಾಜಿಕ ಜಾಲತಾಣದಲ್ಲಿ ತಲೆ ಎತ್ತುತ್ತದೆ. 'ಕಪ್ಪು ದೇವಿಯನ್ನು ಬಿಳಿ ಮಾಡಿದರು' ಎಂಬ ಒಂದೇ ಸಾಲಿನಲ್ಲಿ, ಹಿಂದೆ ಮುಂದೆ ಏನೂ ಇಲ್ಲದೆ.

ಪರ ನಿಂತವರ ವಾದ ಸರಳ. ಕಪ್ಪು ಯಾರೂ ಬೇಕೆಂದು ಹಾಕಿದ ಬಣ್ಣ ಅಲ್ಲ, ಅದು ಕೊಳೆ ಮತ್ತು ಆಮೇಲಿನ ಪದರ. ಶಿಲ್ಪಿ ಮತ್ತು ಬಣ್ಣಗಾರ ಮಾಡಿದ್ದನ್ನು ಜನ ನೋಡಬೇಕಾದರೆ ಅದನ್ನು ತೆಗೆಯಲೇಬೇಕು. ಕತ್ತಲ ಚರ್ಚು, ಕಪ್ಪು ಮೂರ್ತಿ ಎಂಬ 'ಮಧ್ಯಯುಗ' ನಿಜವಾದ ಮಧ್ಯಯುಗವೇ ಅಲ್ಲ, ಹೊಗೆ ಹಿಡಿದ ಮೇಲೆ ಹುಟ್ಟಿದ ಕಲ್ಪನೆ.

ವಿರೋಧಿಸುವವರ ಮಾತಲ್ಲೂ ಹುರುಳಿದೆ. ಕೊಳೆ ಎಂದು ನೀವು ಕರೆಯುವುದು ತಲೆಮಾರುಗಳ ಭಕ್ತರು ಹಚ್ಚಿದ ದೀಪದ ಗುರುತು. ಅವರು ಮೊಣಕಾಲೂರಿದ್ದು ಕಪ್ಪು ತಾಯಿಯ ಮುಂದೆ. ಶಿಲ್ಪಿಯ ಒಂದು ವರ್ಷದ ಕೆಲಸಕ್ಕೆ ಇರುವ ಬೆಲೆ ಭಕ್ತರ ನೂರಾರು ವರ್ಷಕ್ಕೆ ಇಲ್ಲವೇ? ಇದರ ಜೊತೆ ಬಣ್ಣದ ರಾಜಕೀಯವೂ ಸೇರಿಕೊಂಡಿತು. ಯುರೋಪಿನಲ್ಲಿ ಕಪ್ಪು ಮೈಯ ದೇವಮಾತೆ ಇದ್ದಾಳೆ ಎಂಬುದೇ ಎಷ್ಟೋ ಜನರಿಗೆ ಸಮಾಧಾನದ ಮಾತಾಗಿತ್ತು. ಅವಳ ಮುಖ ಬೆಳ್ಳಗಾದದ್ದು ಅವರಿಗೆ ಬರೀ ರಸಾಯನದ ವಿಷಯ ಅಲ್ಲ.

ಇಲ್ಲಿ ಒಂದು ಗಮನಿಸಿ. ಎರಡೂ ಕಡೆಯವರು 'ಮೂಲ' ಎಂಬ ಪದವನ್ನೇ ಬಳಸುತ್ತಾರೆ. ಒಬ್ಬರಿಗೆ ಮೂಲ ಅಂದರೆ ಕೆತ್ತಿದ ದಿನ. ಇನ್ನೊಬ್ಬರಿಗೆ ತಾವು ಕಂಡು ಬೆಳೆದ ರೂಪ. ಪ್ರಯೋಗಾಲಯದ ವರದಿ ಎಷ್ಟೇ ನಿಖರ ಇದ್ದರೂ ಇವೆರಡರಲ್ಲಿ ಯಾವುದು ಬೇಕು ಎಂದು ಅದು ಹೇಳಲಾರದು. ಎಷ್ಟು ಪದರ ಇದೆ, ಯಾವುದು ಯಾವ ಕಾಲದ್ದು, ಅಷ್ಟನ್ನು ಹೇಳುತ್ತದೆ. ಯಾವ ಪದರದಲ್ಲಿ ನಿಲ್ಲಬೇಕು ಎಂಬುದು ಮನುಷ್ಯರ ತೀರ್ಮಾನ. ಆ ತೀರ್ಮಾನವನ್ನು ವಿಜ್ಞಾನದ ಹೆಸರಿನಲ್ಲಿ ಮುಚ್ಚಿಡುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

1799ರಲ್ಲಿ ಒಬ್ಬ ದುರಸ್ತಿಗಾರ

ಇದು ಇವತ್ತಿನ ಸಮಸ್ಯೆ ಎಂದುಕೊಳ್ಳಬೇಡಿ. ಐನ್‌ಸೀಡೆಲ್ನ್ ಮಠದ ಮೂರ್ತಿ 15ನೇ ಶತಮಾನದ್ದು. 1798ರಲ್ಲಿ ಫ್ರೆಂಚ್ ಸೈನ್ಯ ಸ್ವಿಟ್ಜರ್ಲೆಂಡಿಗೆ ನುಗ್ಗಿದಾಗ ಸನ್ಯಾಸಿಗಳು ಮೂರ್ತಿಯನ್ನು ಬಚ್ಚಿಟ್ಟು ಆಸ್ಟ್ರಿಯಾ ಕಡೆಗೆ ಸಾಗಿಸಿದರು. ಅಲ್ಲಿ ಯೋಹಾನ್ ಆಡಮ್ ಫ್ಯೂಟ್ಷರ್ ಎಂಬಾತನಿಗೆ ದುರಸ್ತಿಯ ಕೆಲಸ ಸಿಕ್ಕಿತು. ಆತ 1799ರಲ್ಲಿ ತಾನು ಕಂಡದ್ದನ್ನು ಬರೆದಿಟ್ಟ. ಮುಖ ಕಪ್ಪಾಗಿದ್ದದ್ದು ಬಣ್ಣಗಾರನಿಂದ ಅಲ್ಲ, ನೂರಾರು ವರ್ಷ ಉರಿದ ದೀಪಗಳ ಹೊಗೆಯಿಂದ. ಕಪ್ಪು ಹೊಪ್ಪಳೆ ಎದ್ದು ಬರುತ್ತಿತ್ತು, ಕೆಳಗೆ ಮೈಬಣ್ಣ ಇತ್ತು.

ಆತ ಶುಚಿ ಮಾಡಿದ. ಬೆಳ್ಳಗಿನ ಮುಖ ನೋಡಿದ ಜನ ಒಪ್ಪಲಿಲ್ಲ. ಇವಳು ನಮ್ಮ ತಾಯಿ ಅಲ್ಲ ಎಂಬ ಭಾವ. ಕೊನೆಗೆ ಅದೇ ದುರಸ್ತಿಗಾರ ಕುಂಚ ಹಿಡಿದು ಮುಖಕ್ಕೆ ಕಪ್ಪು ಬಳಿದ. ಅಂದಿನಿಂದ ಅದು ಹೊಗೆಯ ಕಪ್ಪಲ್ಲ, ಬಣ್ಣದ ಕಪ್ಪು.

ಶಾರ್ತ್ರ್ ಮತ್ತು ಐನ್‌ಸೀಡೆಲ್ನ್ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕೊಳೆ ಒಂದೇ ಬಗೆಯದು. ತೆಗೆದ ಮೇಲೆ ಸಿಕ್ಕಿದ್ದೂ ಒಂದೇ ಬಗೆಯದು. ತೀರ್ಮಾನ ಮಾತ್ರ ಉಲ್ಟಾ. ಕಾರಣ, ತೀರ್ಮಾನ ಮಾಡಿದವರು ಬೇರೆ. ಅಲ್ಲಿ ಸರಕಾರ ಮತ್ತು ತಜ್ಞರು, ಇಲ್ಲಿ ಮಠ ಮತ್ತು ಯಾತ್ರಿಕರು.

ಹಳ್ಳಿಯ ಗುಲಾಬಿ ಮರಿಯಮ್ಮ

2018ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಆಸ್ತುರಿಯಾಸ್ ಪ್ರಾಂತ್ಯದ ರಾನ್ಯದೋಯ್ರೊ ಎಂಬ ಪುಟ್ಟ ಹಳ್ಳಿ ಸುದ್ದಿಯಾಯಿತು. ಅಲ್ಲಿನ ಪ್ರಾರ್ಥನಾ ಮಂದಿರದಲ್ಲಿ 15ನೇ ಶತಮಾನದ ಮರದ ಮೂರ್ತಿಗಳಿದ್ದವು. ಅದರಲ್ಲಿ ಒಂದು ಮರಿಯಮ್ಮ, ಅವಳ ತಾಯಿ ಸಂತ ಅನ್ನಮ್ಮ ಮತ್ತು ಬಾಲಯೇಸು ಒಟ್ಟಿಗಿರುವ ಕೆತ್ತನೆ. ಊರಿನ ಒಬ್ಬ ಮಹಿಳೆ ಪಾದ್ರಿಯ ಒಪ್ಪಿಗೆ ಪಡೆದು ಅವಕ್ಕೆಲ್ಲ ಬಣ್ಣ ಬಳಿದರು. ಢಾಳಾದ ಗುಲಾಬಿ, ನೀಲಿ, ಹಸಿರು. ತುಟಿಗೆ ಕೆಂಪು, ಕಣ್ಣಿಗೆ ಕಾಡಿಗೆ. ತಾನು ವೃತ್ತಿಯವಳಲ್ಲ, ಆದರೆ ಮೂರ್ತಿಗೆ ಬಣ್ಣ ಬೇಕಿತ್ತು, ಅಕ್ಕಪಕ್ಕದವರಿಗೂ ಇಷ್ಟವಾಗಿದೆ ಎಂಬುದು ಅವರ ಉತ್ತರ. ಜಗತ್ತೆಲ್ಲ ನಕ್ಕಿತು.

ನಗುವ ಮೊದಲು ಒಂದು ಮಾತು. ಆ ಮೂರ್ತಿಗಳಿಗೆ 15ನೇ ಶತಮಾನದಲ್ಲಿ ಬಣ್ಣ ಇದ್ದಿರುವ ಸಾಧ್ಯತೆಯೇ ಜಾಸ್ತಿ. ಮೂರ್ತಿಗೆ ಬಣ್ಣ ಬೇಕು ಎನ್ನುವ ಆಕೆಯ ಆಸೆ ಮ್ಯುನರ್‌ಸ್ಟಾಟ್ ಊರಿನವರ ಆಸೆಗಿಂತ ಬೇರೆ ಅಲ್ಲ. ಹಾಗಾದರೆ ತಪ್ಪೆಲ್ಲಿ?

ತಪ್ಪು ಬಣ್ಣದ ಆಯ್ಕೆಯಲ್ಲಲ್ಲ, ಬಣ್ಣದ ಜಾತಿಯಲ್ಲಿ. ಹಳೆ ಮರ ಮಳೆಗಾಲ, ಬೇಸಿಗೆಗೆ ತಕ್ಕ ಹಾಗೆ ಉಬ್ಬುತ್ತದೆ, ಕುಗ್ಗುತ್ತದೆ. ಅಂಟು, ಸೀಮೆಸುಣ್ಣದ ಪದರ ಅದರ ಜೊತೆ ಸ್ವಲ್ಪ ಮಟ್ಟಿಗೆ ಹೊಂದಿಕೊಳ್ಳುತ್ತದೆ. ಅಂಗಡಿಯ ಇನಾಮೆಲ್ ಪೇಂಟು ಗಟ್ಟಿ ಚರ್ಮದ ಹಾಗೆ ಮೇಲೆ ಕೂರುತ್ತದೆ. ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಪದರ ಏಳುವಾಗ ಕೆಳಗೆ ಉಳಿದಿದ್ದ ಚೂರುಪಾರು ಹಳೆ ಬಣ್ಣವನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ತೆಗೆಯೋಣ ಎಂದರೆ ದ್ರಾವಕ ಹಾಕಬೇಕು. ಆ ದ್ರಾವಕ ಯಾವುದು ಹೊಸದು, ಯಾವುದು ಹಳೆಯದು ಎಂದು ಕೇಳಿ ಕರಗಿಸುವುದಿಲ್ಲ. ಅಂದರೆ ಅಲ್ಲಿ ಏನಿತ್ತು ಎಂದು ಪರೀಕ್ಷೆ ಮಾಡುವ ಅವಕಾಶವನ್ನೇ ಅದು ಮುಚ್ಚಿಹಾಕುತ್ತದೆ.

ಅದೇ ವರ್ಷ ಸ್ಪೇನಿನ ನವಾರ್ರಾ ಪ್ರಾಂತ್ಯದ ಎಸ್ತೆಯಾ ಊರಿನಲ್ಲೂ ಹೀಗೇ ಆಯಿತು. ಅಲ್ಲಿಯದು 16ನೇ ಶತಮಾನದ ಸಂತ ಜಾರ್ಜನ ಮರದ ಮೂರ್ತಿ. ಪ್ರಾಂತ್ಯ ಸರಕಾರ ದಂಡ ಹಾಕಿತು, 2019ರಲ್ಲಿ ತಜ್ಞರು ಹೊಸ ಬಣ್ಣ ತೆಗೆದು ಮೂರ್ತಿಯನ್ನು ಒಂದು ಹದಕ್ಕೆ ತಂದರು. ಮೂಲ ಬಣ್ಣದ ಒಂದು ಪಾಲು ಮಾತ್ರ ಶಾಶ್ವತವಾಗಿ ಹೋಯಿತು.

ಅಕ್ಕಿಕಾಳಿಗಿಂತ ಚಿಕ್ಕ ಸಾಕ್ಷಿ

ತಜ್ಞರು ಮಾಡುವುದಾದರೂ ಏನು? ಬಿರುಕಿನ ಅಂಚಿನಿಂದ, ಯಾರ ಕಣ್ಣಿಗೂ ಬೀಳದ ಜಾಗದಿಂದ ಒಂದು ಚೂರು ತೆಗೆಯುತ್ತಾರೆ. ಅಕ್ಕಿಕಾಳಿಗಿಂತ ಎಷ್ಟೋ ಚಿಕ್ಕದು. ಅದನ್ನು ರಾಳದಲ್ಲಿ ಅಚ್ಚು ಹಾಕಿ, ಅಡ್ಡಕ್ಕೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಇಡುತ್ತಾರೆ. ಕೆಳಗೆ ಬಿಳಿ ಸುಣ್ಣದ ದಪ್ಪ ಪಟ್ಟಿ. ಅದರ ಮೇಲೆ ತೆಳು ಗುಲಾಬಿ ಗೆರೆ, ಅದು ಮೊದಲ ಮೈಬಣ್ಣ. ಮೇಲೆ ಕಂದು ಗೆರೆ, ಹಳೆ ವಾರ್ನಿಷ್. ಕಪ್ಪು ಚುಕ್ಕೆಗಳು, ಮಸಿ. ಮತ್ತೆ ಇನ್ನೊಂದು ಮೈಬಣ್ಣ. ಮತ್ತೆ ಮಸಿ. ಕೊನೆಗೆ ಕಪ್ಪು ಬಣ್ಣ. ಈರುಳ್ಳಿ ಸೀಳಿದ ಹಾಗೆ ಮೂರ್ತಿಯ ಇಡೀ ಚರಿತ್ರೆ ಒಂದು ಚೂರಿನಲ್ಲಿ ಕಾಣುತ್ತದೆ.

ಇಲ್ಲೇ ತೊಡಕು. ಮೊದಲ ಪದರ ಎಲ್ಲ ಕಡೆ ಪೂರ್ತಿಯಾಗಿ ಉಳಿದಿರುವುದು ಅಪರೂಪ. ಕೆನ್ನೆಯಲ್ಲಿ ಒಂದಿಷ್ಟು, ಮೂಗಿನಲ್ಲಿ ಇಲ್ಲವೇ ಇಲ್ಲ. ಅಲ್ಲಿಯವರೆಗೆ ಇಳಿದರೆ ಮುಖ ತೇಪೆ ತೇಪೆ ಆಗುತ್ತದೆ. ಆಗ ಬಿಟ್ಟ ಜಾಗ ತುಂಬಲು ಇವತ್ತಿನವರು ಬಣ್ಣ ಹಾಕಬೇಕು. ಹಳೆಯದನ್ನು ಹುಡುಕಲು ಹೊರಟು ಹೊಸದನ್ನು ಹಾಕಿ ಬಂದ ಹಾಗೆ.

1964ರ ವೆನಿಸ್ ಸನದು, ಅಂದರೆ ದುರಸ್ತಿ ಹೇಗಿರಬೇಕು ಎಂದು ನಾನಾ ದೇಶಗಳ ತಜ್ಞರು ಒಪ್ಪಿದ ನಿಯಮಗಳ ಪಟ್ಟಿ, ಇದನ್ನು ಮೊದಲೇ ಊಹಿಸಿತ್ತು. ಸ್ಮಾರಕಗಳಿಗಾಗಿ ಬರೆದದ್ದಾದರೂ ಮೂರ್ತಿಗಳ ಚರ್ಚೆಯಲ್ಲೂ ಅದರ ಹೆಸರು ಬರುತ್ತದೆ. ಊಹೆ ಶುರುವಾಗುವ ಜಾಗದಲ್ಲಿ ದುರಸ್ತಿ ನಿಲ್ಲಬೇಕು ಎನ್ನುತ್ತದೆ 9ನೇ ವಿಧಿ. ಎಲ್ಲ ಕಾಲದವರು ಸೇರಿಸಿದ್ದನ್ನೂ ಗೌರವಿಸಬೇಕು, ಕೆಳಗಿನ ಪದರ ತೆರೆಯುವುದು ತೀರಾ ಅಪರೂಪಕ್ಕೆ ಮಾತ್ರ ಎನ್ನುತ್ತದೆ 11ನೇ ವಿಧಿ. ಅದೇ ವಿಧಿಯ ಕೊನೆಯ ಮಾತು ಯಾಕೋ ಯಾರ ಬಾಯಲ್ಲೂ ಬರುವುದಿಲ್ಲ: ಯಾವುದನ್ನು ತೆಗೆದುಹಾಕಬೇಕು ಎಂಬ ತೀರ್ಮಾನ ಕೆಲಸದ ಹೊಣೆ ಹೊತ್ತವನೊಬ್ಬನದೇ ಆಗಬಾರದು.

ಯಾರ ಸೊತ್ತು, ಯಾರ ಮಾತು

ಹಾಗಾದರೆ ಇನ್ಯಾರದು? ಇದು ಮೂರ್ತಿ ಯಾರ ಸೊತ್ತು ಎಂಬುದರ ಮೇಲೆ ನಿಂತಿದೆ. ಫ್ರಾನ್ಸಿನಲ್ಲಿ ಚರ್ಚು ಮತ್ತು ಸರಕಾರವನ್ನು ಬೇರೆ ಮಾಡಿದ 1905ರ ಕಾನೂನಿನ ನಂತರ ಕೆಥೆಡ್ರಲ್‌ಗಳು ಸರಕಾರದ ಆಸ್ತಿ. ಪೂಜೆ ಚರ್ಚಿನದು, ಗೋಡೆ ಸರಕಾರದ್ದು. ಹಾಗಾಗಿ ಶಾರ್ತ್ರ್‌ನಲ್ಲಿ ತೀರ್ಮಾನ ಸಂಸ್ಕೃತಿ ಇಲಾಖೆಯಿಂದ ಬಂತು. ತಾಂತ್ರಿಕವಾಗಿ ಕೆಲಸ ಗಟ್ಟಿ, ಆದರೆ ದಿನಾ ಬಂದು ದೀಪ ಹಚ್ಚುವವರನ್ನು ಕೇಳಬೇಕಾದ ಕಟ್ಟುಪಾಡು ಇರಲಿಲ್ಲ. ಸ್ಪೇನಿನಲ್ಲಿ ಹಳ್ಳಿ ಚರ್ಚಿನ ಮೂರ್ತಿಗಳು ಬಹುತೇಕ ಚರ್ಚಿನ ಕೈಯಲ್ಲೇ ಇವೆ. ಅಲ್ಲಿ ಪಾದ್ರಿ ಹೂಂ ಅಂದರೆ ಕುಂಚ ಏಳುತ್ತದೆ. ದುರಸ್ತಿಗಾರ ಎಂದು ಯಾರು ಬೇಕಾದರೂ ಹೇಳಿಕೊಳ್ಳಬಹುದಾದ ಪರಿಸ್ಥಿತಿ ಇದೆ ಎಂದು ಅಲ್ಲಿನ ವೃತ್ತಿಪರ ದುರಸ್ತಿಗಾರರ ಸಂಘ ವರ್ಷಗಳಿಂದ ದೂರುತ್ತಿದೆ.

ಒಂದು ಕಡೆ ಜ್ಞಾನ ಇದೆ, ಭಕ್ತರಿಲ್ಲ. ಇನ್ನೊಂದು ಕಡೆ ಭಕ್ತರಿದ್ದಾರೆ, ಜ್ಞಾನ ಇಲ್ಲ. ಸೆವಿಲ್ಲೆಯಲ್ಲಿ ಎರಡೂ ಇತ್ತು. ಅಲ್ಲಿ ಇಲ್ಲದೇ ಹೋದದ್ದು ಮೊದಲೇ ಹೇಳುವ ಸೌಜನ್ಯ. ಏನು ಮಾಡುತ್ತೇವೆ, ಮುಖ ಎಷ್ಟು ಬದಲಾಗಬಹುದು ಎಂದು ಪರದೆ ತೆಗೆಯುವ ಮುಂಚೆ ಹೇಳಿದ್ದರೆ ರೆಪ್ಪೆಯ ಗಲಾಟೆ ಇಷ್ಟು ಬೆಳೆಯುತ್ತಿರಲಿಲ್ಲ.

ಇನ್ನು ಮುಂದೆ

ಇಂಥ ಸುದ್ದಿ ಕಡಿಮೆ ಆಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಕಾರಣ ಫೋಟೊ. ಮೊದಲು ಮುಖ ಬದಲಾದರೆ ಮುದುಕಿಯರಿಗೆ ಮಾತ್ರ ಅನುಮಾನ ಬರುತ್ತಿತ್ತು. ಈಗ ನಿನ್ನೆಯದು, ಇವತ್ತಿನದು ಪಕ್ಕ ಪಕ್ಕ ಇಟ್ಟು ಅರ್ಧ ಗಂಟೆಯಲ್ಲಿ ಊರಿಗೆಲ್ಲ ತೋರಿಸುತ್ತಾರೆ. ಇದರಿಂದ ಎರಡು ಪರಿಣಾಮ. ಒಳ್ಳೆಯದು, ಕದ್ದುಮುಚ್ಚಿ ಬಣ್ಣ ಬಳಿಯುವುದು ಕಷ್ಟವಾಗುತ್ತದೆ. ಕೆಟ್ಟದ್ದು, ಅಗತ್ಯ ಇರುವ ದುರಸ್ತಿಗೂ ಕೈ ಹಾಕಲು ಜನ ಹೆದರುತ್ತಾರೆ. ಮರಹುಳ ತಿನ್ನುತ್ತಿದ್ದರೂ ಯಾಕೆ ಬೇಕು ಉಸಾಬರಿ ಎಂದು ಸುಮ್ಮನಾಗುತ್ತಾರೆ. ಹುಳಕ್ಕೆ ಕಪ್ಪು ಬಿಳಿ ಎರಡೂ ಒಂದೇ.

ಕೆಲವರು ನಡುದಾರಿ ಹೇಳುತ್ತಾರೆ. ಮೂರ್ತಿ ಹೇಗಿದೆಯೋ ಹಾಗೇ ಇರಲಿ, ಮೊದಲು ಹೇಗಿತ್ತು ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸಿ, ಇಲ್ಲವೇ ಪಕ್ಕದಲ್ಲಿ ಬಣ್ಣದ ನಕಲು ಇಡಿ. ತೆಗೆದ ಮಸಿ ಮತ್ತೆ ಬರುವುದಿಲ್ಲ, ತೆಗೆಯದ ಮಸಿಯನ್ನು ನಾಳೆ ಬೇಕಾದರೂ ತೆಗೆಯಬಹುದು ಎಂಬುದು ಅವರ ಲೆಕ್ಕ. ನಂಬಿಕೆ ಇರುವ ಜಾಗದಲ್ಲಿ ಈ ಲೆಕ್ಕವೇ ಮೇಲು ಅನಿಸುತ್ತದೆ, ಮರಕ್ಕೆ ಅಪಾಯ ಇಲ್ಲದಿದ್ದರೆ.

ಶಾರ್ತ್ರ್‌ನ ಮಾತೆಯ ವಿಷಯದಲ್ಲಿ ಆ ದಾರಿ ಮುಚ್ಚಿಹೋಗಿದೆ. ಅವಳ ಮುಖ ಈಗ ಬೆಳ್ಳಗಿದೆ. ಇವತ್ತು ಚರ್ಚುಗಳಲ್ಲಿ ವಿದ್ಯುತ್ ದೀಪ ಇದೆ, ಹಳೆ ಮೂರ್ತಿಗಳ ಹತ್ತಿರ ಮೊದಲಿನ ಹಾಗೆ ಹೊಗೆ ಆಡಲು ಬಿಡುವುದಿಲ್ಲ. ಇನ್ನು ಐನೂರು ವರ್ಷ ಕಾದರೂ ಅವಳು ತಾನಾಗಿ ಕಪ್ಪಾಗುವುದು ಕಷ್ಟ.